ವೇದಿಕೆಯ ಕೆಳಗೆ ನಿಂತು ಬರೆದ ಚಿತ್ರಗಳು

2010ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ 'ಬೆಕ್' ಎಂಬ ಸಿನಿಮಾ ತೆರೆಗೆ ಬಂತು. ರಾಕ್ ತಂಡ ಕಟ್ಟುವ ಹುಡುಗರ ಕಥೆ. ನಾಯಕ ಕೊಯುಕಿ ಯಾರ ಕಣ್ಣಿಗೂ ಬೀಳದ ಮೆತ್ತಗಿನ ಶಾಲಾ ಹುಡುಗ. ಆದರೆ ಹಾಡಲು ಬಾಯಿ ತೆರೆದನೆಂದರೆ ಕೇಳಿದವರು ನಿಂತಲ್ಲೇ ನಿಲ್ಲಬೇಕು, ಅಂಥ ಕಂಠ ಅವನದು. ಸಿನಿಮಾದಲ್ಲಿ ಆ ಗಳಿಗೆ ಬರುತ್ತದೆ. ಗಿಟಾರು, ಡ್ರಮ್ಮು ಮೊಳಗುತ್ತವೆ, ಕೊಯುಕಿ ಮೈಕಿನ ಹತ್ತಿರ ಬಂದು ತುಟಿ ಬಿಚ್ಚುತ್ತಾನೆ, ಎದುರಿಗಿದ್ದವರ ಮುಖ ಬದಲಾಗುತ್ತದೆ. ದನಿ ಮಾತ್ರ ಬರುವುದಿಲ್ಲ. ಥಿಯೇಟರಿನ ಸ್ಪೀಕರ್ ಕೆಟ್ಟಿರಲಿಲ್ಲ. ನಿರ್ದೇಶಕ ಯುಕಿಹಿಕೊ ತ್ಸುತ್ಸುಮಿ ಬೇಕೆಂದೇ ನಾಯಕನ ಕಂಠವನ್ನು ತೆಗೆದುಹಾಕಿದ್ದರು.

ಹಾಡು ಕೇಳೋಣವೆಂದು ಟಿಕೆಟ್ ಕೊಂಡು ಬಂದವರಿಗೆ ಸಿಟ್ಟು ಬರದೆ ಇರುತ್ತದೆಯೇ? ಸಾಲದ್ದಕ್ಕೆ ಇದೇ ಚಿತ್ರದಲ್ಲಿ ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ ಒಂದು ಹಾಡಿದೆ, ಒಯಾಸಿಸ್ ತಂಡದ ಇನ್ನೊಂದಿದೆ. ಊರವರ ಕಂಠವೆಲ್ಲ ಕೇಳುತ್ತದೆ, ನಾಯಕನದೊಂದು ಬಿಟ್ಟು. ಸಿನಿಮಾ ಎಂದು ನೋಡಿದರೆ ಇದು ಎಡವಟ್ಟೇ. ಆದರೂ ಅದರ ಹಿಂದಿನ ತರ್ಕ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ. ಯಾಕೆಂದರೆ 'ಬೆಕ್' ಮೊದಲು ಬಂದದ್ದು ಕಾಮಿಕ್ಸ್ ಆಗಿ. ಹೆರಾಲ್ಡ್ ಸಕುಯಿಶಿ ಅದನ್ನು 1999ರಿಂದ 2008ರವರೆಗೆ ಬರೆದರು. ಒಟ್ಟು 34 ಸಂಪುಟ. ಅಷ್ಟು ವರ್ಷ ಓದುಗರು ಕೊಯುಕಿಯ ಹಾಡನ್ನು ಕಾಗದದ ಮೇಲೆ ಕೇಳಿದ್ದರು. ಸಕುಯಿಶಿ ಅವನ ಬಾಯಿಂದ ಹಾಡಿನ ಸಾಲುಗಳನ್ನು ಹೊರಡಿಸುವ ಬದಲು ಕೇಳಿದವರ ಕಣ್ಣು, ಬಿಟ್ಟ ಬಾಯಿ, ಕೈಯಲ್ಲೇ ಉಳಿದ ಲೋಟ ಇಂಥವನ್ನೇ ಬರೆಯುತ್ತಿದ್ದರು. ಒಬ್ಬೊಬ್ಬ ಓದುಗನ ತಲೆಯಲ್ಲೂ ಒಂದೊಂದು ಕಂಠ ಹುಟ್ಟಿ ಬೆಳೆದಿತ್ತು. ಯಾವ ಗಾಯಕನನ್ನು ತಂದು ನಿಲ್ಲಿಸಿದರೂ ಅವನು ಆ ಕಂಠದೆದುರು ಸೋಲುತ್ತಿದ್ದ. 2004ರ ಅನಿಮೇಷನ್ ಸರಣಿಯಲ್ಲಿ ನಿಜವಾದ ಗಾಯಕರಿಂದಲೇ ಹಾಡಿಸಿದರು. ಹಾಡುಗಳು ಚೆನ್ನಾಗಿಯೇ ಇವೆ, ನಾನು ಈಗಲೂ ಕೇಳುತ್ತೇನೆ. ಆದರೆ ಪುಸ್ತಕ ಓದುವಾಗ ಕೇಳಿದ ಕೊಯುಕಿ ಅವನಲ್ಲ.

ಸದ್ದೇ ಇಲ್ಲದ ಮಾಧ್ಯಮವೊಂದು ಸದ್ದಿನಲ್ಲೇ ಬದುಕುವ ಕಲೆಯ ಬೆನ್ನು ಹತ್ತಿದ್ದು ವಿಚಿತ್ರವೇ. ಸಂಗೀತ ಕಾಲದಲ್ಲಿ ನಡೆಯುತ್ತದೆ. ನಾಲ್ಕು ನಿಮಿಷದ ಹಾಡು ಯಾರು ಕೇಳಿದರೂ ನಾಲ್ಕು ನಿಮಿಷ. ಕಾಮಿಕ್ಸ್ ಪುಟದಲ್ಲಿ ಕಾಲ ಎಂಬುದೇ ಜಾಗ. ಚೌಕ ಅಗಲವಾದರೆ ಗಳಿಗೆ ಉದ್ದವಾದಂತೆ, ಚೂರುಚೂರು ಚೌಕಗಳಾದರೆ ವೇಗ ಹೆಚ್ಚಿದಂತೆ. ಅಷ್ಟಾದರೂ ಲಯ ಕೊನೆಗೆ ಓದುಗನ ಹೆಬ್ಬೆರಳಿನಲ್ಲಿದೆ. ಅವನು ಒಂದು ಪುಟದ ಮೇಲೆ ಐದು ಸೆಕೆಂಡು ಕೂರಬಹುದು, ಅರ್ಧ ಗಂಟೆಯೂ ಕೂರಬಹುದು. ಹೀಗಿರುವಾಗ ತಾಳ ಹಾಕುವುದು ಹೇಗೆ? ಚೌಕದ ಮೂಲೆಯಲ್ಲಿ ನಾಲ್ಕು ಸ್ವರಚಿಹ್ನೆ ತೇಲಿಬಿಡುವುದು ಹಳೆಯ ದಾರಿ. ಅದರಿಂದ ಇಲ್ಲಿ ಸಂಗೀತ ನಡೆಯುತ್ತಿದೆ ಎಂಬ ಸೂಚನೆ ಸಿಗುತ್ತದೆಯೇ ಹೊರತು ಸಂಗೀತ ಸಿಗುವುದಿಲ್ಲ.

ಈ ಗಂಟು ಬಿಚ್ಚಿದವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯಿಂದ ಬಿಚ್ಚಿದ್ದಾರೆ. ಅವರು ಸಂಗೀತವನ್ನು ನುಡಿಸುವವನ ಕಡೆಯಿಂದ ಬರೆಯಲಿಲ್ಲ, ಕೇಳುವವನ ಕಡೆಯಿಂದ ಬರೆದರು. ನಮ್ಮ ಸಂಗೀತ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರ ತೊಡೆಯ ಮೇಲಿನ ಕೈ ನೋಡಿದರೆ ಕಛೇರಿ ಎಲ್ಲಿಗೆ ಮುಟ್ಟಿದೆ ಎಂದು ಬಾಗಿಲಲ್ಲೇ ಗೊತ್ತಾಗುತ್ತದಲ್ಲ, ಹಾಗೆ. ಇನ್ನೊಂದು ಮಾತು. ಇದನ್ನು ಚೆನ್ನಾಗಿ ಮಾಡಿದವರು ಪೆನ್ನು ಹಿಡಿಯುವ ಮುಂಚೆ ಗುಂಪಿನಲ್ಲಿ ನಿಂತು ಬೆವರಿದ ಅಭಿಮಾನಿಗಳು.

ಜಪಾನಿನಲ್ಲೇ ಇನ್ನೊಂದು ಉದಾಹರಣೆ ಇದೆ. ಶಿನಿಚಿ ಇಶಿಝುಕಾ 2013ರಲ್ಲಿ 'ಬ್ಲೂ ಜೈಂಟ್' ಶುರುಮಾಡಿದರು. ಸೆಂಡಾಯ್ ಊರಿನ ದಾಯ್ ಮಿಯಾಮೊಟೊ ಎಂಬ ಹುಡುಗ ಹಿರೋಸೆ ನದಿಯ ದಂಡೆಯಲ್ಲಿ ಮಳೆ, ಚಳಿ ಎನ್ನದೆ ಟೆನರ್ ಸ್ಯಾಕ್ಸೊಫೋನ್ ಅಭ್ಯಾಸ ಮಾಡುತ್ತಾನೆ. ಮನೆಯಲ್ಲಿ ಆ ಸದ್ದಿಗೆ ಜಾಗವಿಲ್ಲ. ಜಗತ್ತಿನ ಅತಿ ದೊಡ್ಡ ಜಾಜ್ ವಾದಕನಾಗುತ್ತೇನೆ ಎಂಬುದೊಂದೇ ಅವನ ಹಟ. ಮುಂದೆ ಟೋಕಿಯೊಗೆ ಹೋಗಿ ಪಿಯಾನೊ ನುಡಿಸುವ ಯುಕಿನೋರಿ, ಡ್ರಮ್ಮಿನ ಕೋಲು ಹಿಡಿದೇ ಗೊತ್ತಿಲ್ಲದ ಗೆಳೆಯ ತಮಾದಾ, ಇವರಿಬ್ಬರ ಜೊತೆ ತಂಡ ಕಟ್ಟುತ್ತಾನೆ. ಜಪಾನೀ ಓದುಗರಲ್ಲಿ ಈ ಪುಸ್ತಕಕ್ಕೆ 'ಸದ್ದು ಕೇಳಿಸುವ ಕಾಮಿಕ್ಸ್' ಎಂದೇ ಹೆಸರು. ಸ್ಯಾಕ್ಸೊಫೋನಿನ ಬಾಯಿಂದ ಗೆರೆಗಳು ಸಿಡಿಯುತ್ತವೆ, ಕೋಣೆಯೇ ಬಾಗಿದಂತೆ ಕಾಣುತ್ತದೆ, ಹಿಂದಿನ ಮೇಜಿನಲ್ಲಿ ಜಾಜ್ ಎಂದರೇನೆಂದೇ ಗೊತ್ತಿಲ್ಲದ ಯಾರೋ ಕತ್ತು ಎತ್ತುತ್ತಾರೆ. ನನಗೆ ಆ ಸಿಡಿಯುವ ಗೆರೆಗಳಿಗಿಂತ ಎತ್ತಿದ ಕತ್ತೇ ಹೆಚ್ಚು ಕೇಳಿಸುತ್ತದೆ.

2023ರಲ್ಲಿ ಇದೂ ಸಿನಿಮಾ ಆಯಿತು. ಇಲ್ಲಿ 'ಬೆಕ್' ಚಿತ್ರದ ಮೌನದ ದಾರಿ ಹಿಡಿಯುವಂತಿರಲಿಲ್ಲ. ಪಿಯಾನೊ ವಾದಕಿ ಹಿರೋಮಿ ಉಯೆಹಾರಾ ಸಂಗೀತ ಮಾಡಿದರು, ಸ್ಯಾಕ್ಸೊಫೋನ್ ಹಿಡಿದವರು ತೊಮೊಆಕಿ ಬಾಬಾ. ಎಲ್ಲಕ್ಕಿಂತ ಕಷ್ಟದ ಕೆಲಸ ಬಿದ್ದದ್ದು ಡ್ರಮ್ ವಾದಕ ಶುನ್ ಇಶಿವಾಕಾ ಮೇಲೆ. ಜಪಾನಿನ ಹೆಸರಾಂತ ಡ್ರಮ್ಮರ್ ಅವರು. ತಮಾದಾ ಕಲಿಯುತ್ತಾ ಹೋಗುವ ಹುಡುಗನಾದ್ದರಿಂದ ಮೊದಲ ದೃಶ್ಯಗಳಲ್ಲಿ ಎಡವುತ್ತಾ, ತಾಳ ತಪ್ಪುತ್ತಾ ನುಡಿಸಬೇಕಿತ್ತು. ಬರುವವನು ಬಾರದವನಂತೆ ನುಡಿಸುವುದು ಸುಲಭದ ಮಾತಲ್ಲ. ಬಾರಿಸುವ ಕೈ ತಾನಾಗಿಯೇ ತಾಳಕ್ಕೆ ಓಡುತ್ತದೆ.

ಸ್ವರಚಿಹ್ನೆ ಬರೆದರೆ ಸಂಗೀತ ಸಿಗುವುದಿಲ್ಲ ಎಂದೆನಲ್ಲ, ಅದಕ್ಕೆ ಒಂದು ದೊಡ್ಡ ಅಪವಾದವಿದೆ. ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ಚಿತ್ರಪಟ್ಟಿಯ ಶ್ರೋಡರ್. 1951ರಲ್ಲಿ ಕಾಣಿಸಿಕೊಂಡ ಈ ಪೋರ ಆಟಿಕೆ ಪಿಯಾನೊ ಮುಂದೆ ಕೂತು ಬೀಥೋವನ್ ನುಡಿಸುತ್ತಾನೆ. ಆ ಪಿಯಾನೊದ ಕಪ್ಪು ಮನೆಗಳು ಬರಿ ಬಣ್ಣ ಬಳಿದವು, ಅದರಲ್ಲಿ ಸೊನಾಟಾ ನುಡಿಸುವುದು ಸಾಧ್ಯವೇ ಇಲ್ಲ. ಶ್ರೋಡರನ ತಲೆಯ ಮೇಲೆ ತೇಲುವ ಸ್ವರಲಿಪಿ ಮಾತ್ರ ಸುಳ್ಳಲ್ಲ. ಶುಲ್ಜ್ ನಿಜವಾದ ಬೀಥೋವನ್ ಸ್ವರಲಿಪಿಯನ್ನು ಪುಸ್ತಕ ನೋಡಿ, ಒಂದೊಂದು ಚುಕ್ಕೆ ಬಿಡದೆ ನಕಲು ಮಾಡುತ್ತಿದ್ದರು. ದಶಕಗಳ ಕಾಲ ಓದುಗರಲ್ಲಿ ಬಹುಪಾಲು ಜನ ಅದನ್ನು ಅಲಂಕಾರವೆಂದೇ ದಾಟಿಹೋದರು. ಸಂಗೀತ ಬಲ್ಲವರು ಕೂತು ಓದಿದಾಗ ಒಳಗಿನ ತಮಾಷೆ ಹೊರಬಿತ್ತು. 1953ರ ಒಂದು ಪಟ್ಟಿಯಲ್ಲಿ ಶ್ರೋಡರ್ ಪೈಲ್ವಾನನಂತೆ ಬಸ್ಕಿ ದಂಡ ಹೊಡೆದು, ಬೆವರಿ, ಆಮೇಲೆ ಪಿಯಾನೊ ಮುಂದೆ ಕೂರುತ್ತಾನೆ. ಅವನು ನುಡಿಸುವುದು ಹ್ಯಾಮರ್‌ಕ್ಲಾವಿಯರ್ ಸೊನಾಟಾ. ಪಿಯಾನೊ ವಾದಕರ ಸೊಂಟ ಮುರಿಯುವ ಕೃತಿ ಅದು. ಸ್ವರಲಿಪಿ ಓದಲು ಬಾರದವನಿಗೆ ಒಂದು ಜೋಕು, ಬಂದವನಿಗೆ ಎರಡು. ಕ್ಯಾಲಿಫೋರ್ನಿಯಾದ ಶುಲ್ಜ್ ಸಂಗ್ರಹಾಲಯದಲ್ಲಿ ಶುಲ್ಜ್-ಬೀಥೋವನ್ ನಂಟಿನ ಮೇಲೆಯೇ ಒಂದು ಪ್ರದರ್ಶನ ಏರ್ಪಟ್ಟಿತ್ತು. ಶುಲ್ಜ್ ಅವರಿಗೆ ನಿಜವಾಗಿ ಹೆಚ್ಚು ಪ್ರಿಯನಾಗಿದ್ದವನು ಬ್ರಾಹ್ಮ್ಸ್ ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. ಬೀಥೋವನ್ ಎಂಬ ಹೆಸರು ಕಾಗದದ ಮೇಲೆ ನೋಡಲು ಹೆಚ್ಚು ತಮಾಷೆಯಾಗಿ ಕಂಡಿತಂತೆ, ಅದಕ್ಕೆ ಅವನಿಗೆ ಪಟ್ಟ ಸಿಕ್ಕಿತು.

ಕಾಮಿಕ್ಸು ಮತ್ತು ಸಂಗೀತದ ಕಛೇರಿ ಒಂದೇ ಬೀದಿಯಲ್ಲಿ ಬಾಳಿದ ಕಾಲವೊಂದಿತ್ತು. ಆ ಬೀದಿ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1966ರಿಂದ ಮೂರ್ನಾಲ್ಕು ವರ್ಷ. ಫಿಲ್‌ಮೋರ್ ಮತ್ತು ಅವಲಾನ್ ಎಂಬ ಎರಡು ಸಭಾಂಗಣಗಳಲ್ಲಿ ವಾರವಾರವೂ ರಾಕ್ ಕಾರ್ಯಕ್ರಮ. ವಾರವಾರವೂ ಹೊಸ ಪೋಸ್ಟರ್ ಬೇಕು. ವೆಸ್ ವಿಲ್ಸನ್ ಎಂಬ ಕಲಾವಿದ ವಿಯೆನ್ನಾದ ಆಲ್ಫ್ರೆಡ್ ರೋಲರ್ ಅರ್ಧ ಶತಮಾನದ ಹಿಂದೆ ಬರೆದಿದ್ದ ಅಕ್ಷರವಿನ್ಯಾಸ ನೋಡಿ, ಅಕ್ಷರಗಳನ್ನು ಕರಗಿದ ಮೇಣದಂತೆ ಬಾಗಿಸಿ ಜಾಗವೆಲ್ಲ ತುಂಬಿಬಿಟ್ಟ. ವಿಕ್ಟರ್ ಮೊಸ್ಕೊಸೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಎಂಬ ಬಣ್ಣದ ಮಹಾಗುರುವಿನ ಕೈಕೆಳಗೆ ಕಲಿತವನು ಅವನು. ಎದುರುಬದುರು ಬಣ್ಣಗಳನ್ನು ಸಮಾನ ತೀವ್ರತೆಯಲ್ಲಿ ಅಕ್ಕಪಕ್ಕ ಇಟ್ಟರೆ ಅಂಚು ನಡುಗುತ್ತದೆ, ಕಣ್ಣು ನಿಲ್ಲುವುದಿಲ್ಲ, ಹಾಗಾಗಿ ಇಡಬಾರದು ಎಂಬುದು ಶಾಲೆಯ ಪಾಠ. ಮೊಸ್ಕೊಸೊ ಅದನ್ನೇ ಇಟ್ಟ. ಪೋಸ್ಟರ್ ದೂರದಿಂದ ಓದುವಂತಿರಬೇಕು ಎಂಬುದು ಇನ್ನೊಂದು ಪಾಠ; ಇವನು ಹತ್ತಿರ ನಿಂತರೂ ಓದಲಾಗದಂತೆ ಬರೆದ. ಜನ ಬೀದಿಯಲ್ಲಿ ನಿಂತು, ಯಾವ ತಂಡ, ಯಾವ ತಾರೀಕು ಎಂದು ಹುಡುಕಬೇಕಾಯಿತು. ಅಷ್ಟು ಹೊತ್ತು ನಿಂತು ನೋಡಿದವನು ಮರೆಯುವುದುಂಟೆ? ಜಾಹೀರಾತು ಕಂಪನಿಗಳು ಇಂದಿಗೂ ಈ ಪಾಠವನ್ನು ಒಪ್ಪಿಲ್ಲ ಎಂಬುದು ಬೇರೆ ಮಾತು.

ಆ ನಡುಗುವ ಬಣ್ಣಗಳಲ್ಲಿ ಆ ಸಭಾಂಗಣಗಳ ದೀಪಗಳ ನೆನಪಿತ್ತು. ಮೊಸ್ಕೊಸೊನ ಕೆಲವು ಪೋಸ್ಟರ್‌ಗಳ ಮೇಲೆ ಕೆಂಪು ಮತ್ತು ನೀಲಿ ದೀಪಗಳನ್ನು ಒಂದಾದ ಮೇಲೊಂದು ಹಾಯಿಸಿದರೆ ಚಿತ್ರವೇ ಅಲುಗಾಡುತ್ತದೆ. ಕಛೇರಿಯ ಒಳಗೆ ಕಂಡದ್ದನ್ನು ಅವನು ಬೀದಿಯ ಗೋಡೆಗೆ ತಂದಿದ್ದ.

ಇದೇ ಮೊಸ್ಕೊಸೊ, ಜೊತೆಗೆ ಪೋಸ್ಟರ್ ಬರೆಯುತ್ತಿದ್ದ ಇನ್ನೊಬ್ಬ ರಿಕ್ ಗ್ರಿಫಿನ್, ಇಬ್ಬರೂ 1968ರಲ್ಲಿ 'ಝ್ಯಾಪ್ ಕಾಮಿಕ್ಸ್' ಬಳಗ ಸೇರಿದರು. ಅದನ್ನು ಹುಟ್ಟುಹಾಕಿದವನು ರಾಬರ್ಟ್ ಕ್ರಂಬ್. ಮೊದಲ ಸಂಚಿಕೆಯನ್ನು ಅವನೂ ಅವನ ಹೆಂಡತಿಯೂ ಹೇಟ್ ಸ್ಟ್ರೀಟಿನಲ್ಲಿ ಮಗುವಿನ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಮಾರಿದರು. ಅದೇ ವರ್ಷ ಅವನಿಗೆ ಒಂದು ಕೆಲಸ ಬಂತು. ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ ಎಂಬ ತಂಡದ ಹೊಸ ರೆಕಾರ್ಡಿಗೆ ಹೊದಿಕೆಯ ಚಿತ್ರ. ಆ ತಂಡದ ಗಾಯಕಿ ಜಾನಿಸ್ ಜಾಪ್ಲಿನ್. ರೆಕಾರ್ಡಿನ ಹೆಸರು 'ಚೀಪ್ ಥ್ರಿಲ್ಸ್'. ಕ್ರಂಬ್ ಹಾಡಿಗೊಂದರಂತೆ ಚೌಕ ಬರೆದು, ನಡುವಿನಿಂದ ಸುತ್ತಲೂ ಹರಡಿಕೊಟ್ಟ. ಅದನ್ನು ಹಿಂಬದಿಗೆಂದು ಬರೆದಿದ್ದ. ಜಾಪ್ಲಿನ್ ನೋಡಿ ಇದೇ ಮುಂದೆ ಬರಲಿ ಎಂದಳು. ರೆಕಾರ್ಡ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಆ ಹೊದಿಕೆ ರಾಕ್ ಚರಿತ್ರೆಯ ಅತಿ ಪರಿಚಿತ ಚಿತ್ರಗಳಲ್ಲಿ ಒಂದಾಯಿತು.

ಇದರಲ್ಲೊಂದು ಕೊಂಕಿದೆ. ಕ್ರಂಬ್‌ಗೆ ರಾಕ್ ಸಂಗೀತವೆಂದರೆ ಆಗುತ್ತಿರಲಿಲ್ಲ! ಅವನ ಪ್ರಾಣವೆಲ್ಲ 1920-30ರ ದಶಕದ ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ. ಹದಿಹರೆಯದಲ್ಲಿ ಕಪ್ಪು ಜನರ ಕೇರಿಗಳಲ್ಲಿ ಮನೆಮನೆಯ ಬಾಗಿಲು ಬಡಿದು, ಹಳೆ ತಟ್ಟೆ ಇದ್ದರೆ ಕೊಡುತ್ತೀರಾ ಎಂದು ಕೇಳಿಕೊಂಡು ಅಲೆದವನು. ರೋಲಿಂಗ್ ಸ್ಟೋನ್ಸ್ ತಂಡ ಹೊದಿಕೆ ಬರೆದುಕೊಡು ಎಂದಾಗ ಒಲ್ಲೆ ಎಂದ. ಆದರೆ ಮರೆತುಹೋಗಿದ್ದ ಬ್ಲೂಸ್ ಗಾಯಕರ ಮುಖಗಳನ್ನು ಪುಟ್ಟ ಕಾರ್ಡುಗಳ ಮೇಲೆ ಒಂದೊಂದಾಗಿ ಬರೆದ. 1980ರಲ್ಲಿ ಆ ಕಟ್ಟು ಹೊರಬಂತು. ಮಿಸಿಸಿಪ್ಪಿಯ ಗಾಯಕ ಚಾರ್ಲಿ ಪ್ಯಾಟನ್‌ನ ಬದುಕನ್ನು ಕಾಮಿಕ್ಸ್ ಮಾಡಿದ. ಸ್ವತಃ ಬ್ಯಾಂಜೊ ಹಿಡಿದು ಚೀಪ್ ಸೂಟ್ ಸೆರೆನೇಡರ್ಸ್ ಎಂಬ ತಂಡದಲ್ಲಿ ನುಡಿಸಿದ. 'ಚೀಪ್ ಥ್ರಿಲ್ಸ್' ಹೊದಿಕೆಯನ್ನೂ ಆ ಬ್ಲೂಸ್ ಕಾರ್ಡುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಜಾಣತನ, ತುಂಟತನ, ಕೈಚಳಕ ಎಲ್ಲ ಇದೆ. ಎರಡನೆಯದರಲ್ಲಿ ಗೆರೆ ನಿಧಾನವಾಗುತ್ತದೆ, ತಲೆಬಾಗುತ್ತದೆ. ಕ್ರಂಬ್ ಬರೆದ ಹೆಂಗಸರ ಚಿತ್ರಗಳ ಬಗ್ಗೆ, ಕಪ್ಪು ಜನರನ್ನು ವ್ಯಂಗ್ಯವಾಗಿ ಬರೆದ ರೀತಿಯ ಬಗ್ಗೆ ಇರುವ ಆಕ್ಷೇಪಣೆಗಳು ಗಟ್ಟಿಯಾದವು, ಅವನ್ನು ಅಭಿಮಾನದ ಚಾಪೆ ಕೆಳಗೆ ತಳ್ಳಲಾಗದು. ಹಾಗಿದ್ದೂ ಆ ಕಾರ್ಡುಗಳಲ್ಲಿ ಕಾಣುವ ಗೌರವ ನಾಟಕವಲ್ಲ.

ಎಪ್ಪತ್ತರ ದಶಕದ ಕೊನೆಗೆ ಬಣ್ಣದ ಪೋಸ್ಟರಿನ ಕಾಲ ಮುಗಿದು ಜೆರಾಕ್ಸ್ ಯಂತ್ರದ ಕಾಲ ಬಂತು. ಪಂಕ್ ಸಂಗೀತಕ್ಕೆ ದೊಡ್ಡ ಸಭಾಂಗಣ ಬೇಕಿರಲಿಲ್ಲ, ಯಾರೂ ಕೊಡುತ್ತಲೂ ಇರಲಿಲ್ಲ. ಗ್ಯಾರೇಜು, ಕ್ಲಬ್ಬು, ಬಾಡಿಗೆಗೆ ಸಿಕ್ಕ ಯಾವುದಾದರೂ ಹಾಲು. ಪ್ರಚಾರಕ್ಕೆ ಒಂದು ಹಾಳೆಯ ಕರಪತ್ರ. ಆಗಿನ ಜೆರಾಕ್ಸಿಗೆ ಬೂದು ಬಣ್ಣ ಬರುತ್ತಿರಲಿಲ್ಲ, ನಯವಾದ ನೆರಳು ಬರುತ್ತಿರಲಿಲ್ಲ. ಕಡುಗಪ್ಪು ಮಸಿ, ದಪ್ಪ ಗೆರೆ, ಬಿಳಿ ಕಾಗದ ಇಷ್ಟೇ ಅದಕ್ಕೆ ಹಿಡಿಸುತ್ತಿದ್ದುದು. ಅಂದರೆ ಯಂತ್ರ ಕೇಳಿದ್ದು ಕಾಮಿಕ್ಸ್ ಬರೆಯುವ ಕೈಯನ್ನೇ. ಲಾಸ್ ಏಂಜಲೀಸ್ ಬಳಿಯ ಬ್ಲ್ಯಾಕ್ ಫ್ಲ್ಯಾಗ್ ತಂಡಕ್ಕೆ ಗಿಟಾರ್ ವಾದಕ ಗ್ರೆಗ್ ಗಿನ್‌ನ ತಮ್ಮ ರೇಮಂಡ್ ಪೆಟಿಬಾನ್ ಕರಪತ್ರ ಬರೆದ. ತಂಡದ ಲಾಂಛನವೂ ಅವನದೇ: ಏರುಪೇರಾಗಿ ನಿಂತ ನಾಲ್ಕು ಕಪ್ಪು ಪಟ್ಟಿ. ನೋಡಿದರೆ ಗಾಳಿಗೆ ಪಟಪಟಿಸುವ ಬಾವುಟ. ಅದನ್ನು ಯಾವ ಹುಡುಗನಾದರೂ ಗೋಡೆಯ ಮೇಲೆ ಅರ್ಧ ನಿಮಿಷದಲ್ಲಿ ಬರೆದು ಓಡಬಹುದು. ಬರೆದು ಓಡಿದರು ಕೂಡ. ಇದೇ ಲಾಸ್ ಏಂಜಲೀಸಿಗೆ 1977ರಲ್ಲಿ ಬಂದ ಮ್ಯಾಟ್ ಗ್ರೇನಿಂಗ್ ಲಿಕೊರಿಸ್ ಪಿಜ್ಜಾ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದು, 'ಲೈಫ್ ಇನ್ ಹೆಲ್' ಎಂಬ ಕಾಮಿಕ್ಸನ್ನು ಜೆರಾಕ್ಸ್ ಮಾಡಿ ಅದೇ ಅಂಗಡಿಯಲ್ಲಿ ಮಾರುತ್ತಿದ್ದ. ಮುಂದೆ ಅವನು 'ಸಿಂಪ್ಸನ್ಸ್' ಮಾಡಿದ್ದು ಎಲ್ಲರಿಗೂ ಗೊತ್ತು. ನಡುವೆ ಒಂದು ವಾರಪತ್ರಿಕೆಗೆ ಸಂಗೀತದ ಅಂಕಣ ಬರೆಯುತ್ತಿದ್ದ, ಅದರಲ್ಲಿ ಸಂಗೀತ ಬಿಟ್ಟು ಉಳಿದೆಲ್ಲ ಬರೆದ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಈಗ ಆಕ್ಸ್‌ನಾರ್ಡ್. ಈ ಲೇಖನ ಬರೆಯಲು ಕೂತದ್ದೇ ಇಲ್ಲಿಗೆ ಬರುವುದಕ್ಕೆ.

ಆಕ್ಸ್‌ನಾರ್ಡ್ ಲಾಸ್ ಏಂಜಲೀಸಿನಿಂದ ಕಡಲ ದಂಡೆ ಹಿಡಿದು ಮೇಲೆ ಹೋದರೆ ಸಿಗುವ ಊರು. ಸ್ಟ್ರಾಬೆರಿ ಹೊಲಗಳು, ಹೊಲಗಳಲ್ಲಿ ದುಡಿಯುವ ಮೆಕ್ಸಿಕೊ ಮೂಲದ ಸಂಸಾರಗಳು. ಅಂಥ ಒಂದು ಮೆಕ್ಸಿಕನ್-ಅಮೆರಿಕನ್ ಮನೆ ಹೆರ್ನಾಂಡೆಸ್ ಅವರದು. ತಾಯಿ ಚಿಕ್ಕಂದಿನಲ್ಲಿ ಕಾಮಿಕ್ಸ್ ಗುಡ್ಡೆಹಾಕಿಕೊಂಡು ಓದಿದವಳು. ಹಾಗಾಗಿ ಆ ಮನೆಯಲ್ಲಿ ಕಾಮಿಕ್ಸ್ ಓದಿದರೆ ಬೈಗುಳವಿರಲಿಲ್ಲ, ಬದಲಿಗೆ ಅವಳೇ ಓದಿದ ಕಥೆಗಳನ್ನು ನೆನಪಿನಿಂದ ಹೇಳುತ್ತಿದ್ದಳು. ಮಾರಿಯೊ, ಗಿಲ್ಬರ್ಟ್, ಹೈಮೆ ಮತ್ತಿತರ ಮಕ್ಕಳು ಸೂಪರ್‌ಹೀರೊ, 'ಆರ್ಚಿ', 'ಡೆನಿಸ್ ದ ಮೆನಸ್', ಶುಲ್ಜ್ ಎಲ್ಲ ಒಂದೇ ತಟ್ಟೆಯಲ್ಲಿ ಉಂಡು ಬೆಳೆದರು. ಆಮೇಲೆ ಪಂಕ್ ಬಂತು. ಆಕ್ಸ್‌ನಾರ್ಡ್‌ನ ಹುಡುಗರು ಕಟ್ಟಿದ ತಂಡಗಳಿಗೆ ನಾರ್ಡ್‌ಕೋರ್ ಎಂಬ ಹೆಸರೇ ಬಿತ್ತು. ಅವುಗಳಲ್ಲೊಂದು ಡಾಕ್ಟರ್ ನೋ. ಹೆರ್ನಾಂಡೆಸ್ ಸಹೋದರರಲ್ಲೊಬ್ಬನಾದ ಇಸ್ಮಾಯೆಲ್ ಅದರಲ್ಲಿದ್ದ, ಹೈಮೆ ತಂಡಗಳಿಗೆ ಕರಪತ್ರ ಬರೆಯುತ್ತಿದ್ದ.

ಪಂಕ್ ಆ ಹುಡುಗರಿಗೆ ಕೊಟ್ಟದ್ದು ಹಾಡಿಗಿಂತ ಹೆಚ್ಚಾಗಿ ಧೈರ್ಯ. ಮೂರು ಸ್ವರಗುಚ್ಛ ಬಂದರೆ ವೇದಿಕೆ ಹತ್ತಬಹುದಾದರೆ, ಪ್ರಕಾಶಕನ ಅಪ್ಪಣೆ ಇಲ್ಲದೆ ಪುಸ್ತಕ ಯಾಕೆ ಮಾಡಬಾರದು? 1981ರಲ್ಲಿ ಅಣ್ಣತಮ್ಮಂದಿರು ತಾವೇ ದುಡ್ಡು ಹಾಕಿ 'ಲವ್ ಅಂಡ್ ರಾಕೆಟ್ಸ್' ಎಂಬ ಕಪ್ಪುಬಿಳುಪು ಸಂಚಿಕೆ ಅಚ್ಚುಹಾಕಿದರು. ಅಮೆರಿಕದಲ್ಲಿ ಕಾಮಿಕ್ಸ್ ವಿಮರ್ಶೆಗೆ ಅತ್ಯಂತ ಕಟುವಾದ ಪತ್ರಿಕೆ ಯಾವುದೋ ಅದಕ್ಕೇ, 'ಕಾಮಿಕ್ಸ್ ಜರ್ನಲ್'ಗೇ, ಒಂದು ಪ್ರತಿ ಕಳಿಸಿದರು. ಬೈಸಿಕೊಂಡರೆ ದೊಡ್ಡವರಿಂದಲೇ ಬೈಸಿಕೊಳ್ಳೋಣ ಎಂಬ ಹಟ. ಸಂಪಾದಕ ಗ್ಯಾರಿ ಗ್ರಾಥ್ ತಮ್ಮ ಫ್ಯಾಂಟಾಗ್ರಾಫಿಕ್ಸ್ ಸಂಸ್ಥೆಯಿಂದ ಅದನ್ನು ಪ್ರಕಟಿಸುತ್ತೇವೆ ಎಂದರು. 1982ರಲ್ಲಿ ಶುರುವಾದ ಆ ಪಯಣದ ಮೊದಲ ಮಾಲೆಯೇ 1996ರವರೆಗೆ 50 ಸಂಚಿಕೆ ನಡೆಯಿತು. ನಡುವೆ ಬಿಟ್ಟುಹಿಡಿದು, ಬೇರೆ ಬೇರೆ ಆಕಾರದಲ್ಲಿ 40 ವರ್ಷ ದಾಟಿದೆ.

ಗಿಲ್ಬರ್ಟ್ ಬರೆದ ಪಲೋಮಾರ್ ಎಂಬ ಕಲ್ಪಿತ ಹಳ್ಳಿಯ ಕಥೆಗಳು ಬೇರೆಯೇ ಒಂದು ಲೋಕ, ಅದಕ್ಕೆ ಇನ್ನೊಂದು ಲೇಖನ ಬೇಕು. ಹೈಮೆಯ ಕಥೆ ಮ್ಯಾಗಿ ಮತ್ತು ಹೋಪಿ ಎಂಬ ಇಬ್ಬರು ಹುಡುಗಿಯರದು. ಮ್ಯಾಗಿ ಯಂತ್ರ ರಿಪೇರಿ ಮಾಡುವವಳು. ಹೋಪಿ ಬಾಸ್ ಗಿಟಾರ್ ನುಡಿಸುವ ತಂಟೆಕೋರಿ. ಅವರ ಊರು ಹಾಪರ್ಸ್. ಹೆಸರು ಬದಲಾದ ಆಕ್ಸ್‌ನಾರ್ಡ್. ಇಬ್ಬರ ನಡುವಿನದು ಗೆಳೆತನವೋ ಪ್ರೇಮವೋ, ಎರಡೂ ಹೌದು, ಮತ್ತು ಹೈಮೆ ಅದಕ್ಕೆ ಹಣೆಪಟ್ಟಿ ಹಚ್ಚುವ ಗೋಜಿಗೆ ಹೋಗುವುದಿಲ್ಲ. ಹೋಪಿಯ ತಂಡ ಎಂದೂ ಮೇಲೆ ಬರುವುದಿಲ್ಲ. ವ್ಯಾನು ಹತ್ತಿ ಊರೂರು ಸುತ್ತುತ್ತಾರೆ, ಕೈಯಲ್ಲಿ ಕಾಸಿಲ್ಲ, ಯಾರದೋ ಮನೆಯ ನೆಲದ ಮೇಲೆ ಮಲಗುತ್ತಾರೆ, ಜಗಳವಾಡುತ್ತಾರೆ. ಎಂಬತ್ತರ ದಶಕದಲ್ಲಿ ಸಂಗೀತದ ಬಗ್ಗೆ ಬರುತ್ತಿದ್ದ ಕಥೆಗಳು ಹೆಚ್ಚಾಗಿ ಗೆದ್ದವರ ಕಥೆಗಳು. ಗೆಲ್ಲದ ತಂಡದ ದಿನಚರಿಯನ್ನು ಇಷ್ಟು ಪ್ರೀತಿಯಿಂದ ಬರೆದವರು ನನಗೆ ಬೇರೆ ಯಾರೂ ಸಿಕ್ಕಿಲ್ಲ.

ಕಛೇರಿಯ ಚೌಕಗಳಲ್ಲಿ ಹೈಮೆ ಮಾಡುವ ಕೆಲಸ ಮೇಲ್ನೋಟಕ್ಕೆ ತೀರಾ ಸರಳ. ಸಿಡಿಲಿನ ಗೆರೆಗಳಿಲ್ಲ, ಬಾಗುವ ಕೋಣೆ ಇಲ್ಲ. ಕಪ್ಪು ಮಸಿಯ ದೊಡ್ಡ ದೊಡ್ಡ ತುಂಡುಗಳು, ಅದರ ನಡುವೆ ಬಿಳಿ ಮುಖಗಳು. ಒಂದು ಮೊಣಕೈ, ಒಂದು ಬೂಟು, ಚೌಕದ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿದ ತಲೆ. ಅವನ ಕಣ್ಣು ಇರುವುದು ವೇದಿಕೆಯ ಮುಂದೆ ಒತ್ತಿಕೊಂಡು ನಿಂತವರ ಎತ್ತರದಲ್ಲಿ, ಹಾಗಾಗಿ ನಮಗೂ ಯಾರದೋ ಭುಜ ಅಡ್ಡ ಬರುತ್ತದೆ. ಪಂಕ್ ಕಾರ್ಯಕ್ರಮದಲ್ಲಿ ಹಾಡಿನ ಸಾಹಿತ್ಯ ಯಾರಿಗೂ ಸರಿಯಾಗಿ ಕೇಳುವುದಿಲ್ಲ, ಇಲ್ಲಿಯೂ ಕೇಳುವುದಿಲ್ಲ. ಕೇಳಿಸುವುದು ಮೂಲೆಯಲ್ಲಿ ನಿಂತ ಇಬ್ಬರು ಅರಚಿಕೊಂಡು ಆಡುವ ಚಾಡಿಮಾತು. ಹಾಡು ನಡೆಯುವಾಗ ಜನ ನಿಜವಾಗಿ ಏನು ಮಾಡುತ್ತಿರುತ್ತಾರೋ ಅದನ್ನೇ ಬರೆದರೆ ಹಾಡು ತಾನಾಗಿ ಒಳಗೆ ಬರುತ್ತದೆ. ಇದು ವೇದಿಕೆ ಮೇಲಿದ್ದವನಿಗೆ ಹೊಳೆಯುವ ಸಂಗತಿಯಲ್ಲ. ಅವನಿಗೆ ದೀಪ ಕಣ್ಣಿಗೆ ಹೊಡೆದು ಎದುರಿಗಿನದೆಲ್ಲ ಕತ್ತಲು.

ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಬೌಹೌಸ್ ಎಂಬ ಇಂಗ್ಲಿಷ್ ತಂಡ ಒಡೆದ ಮೇಲೆ ಅದರ ಮೂವರು 1985ರಲ್ಲಿ ಹೊಸ ತಂಡ ಕಟ್ಟಿ, ಈ ಕಾಮಿಕ್ಸಿನ ಹೆಸರನ್ನೇ ಎತ್ತಿಕೊಂಡು ಲವ್ ಅಂಡ್ ರಾಕೆಟ್ಸ್ ಎಂದು ಇಟ್ಟುಕೊಂಡರು. ಕಾಮಿಕ್ಸಿಗಿಂತ ತಂಡಕ್ಕೇ ಹೆಸರು ಬಂತು. ಎಷ್ಟೋ ಜನ ಹೆರ್ನಾಂಡೆಸ್‌ಗಳೇ ತಂಡದಿಂದ ಹೆಸರು ಕದ್ದರೆಂದು ತಿಳಿದರು. ಗಿಲ್ಬರ್ಟ್ ಇದಕ್ಕೆ ಉತ್ತರ ಕೊಟ್ಟದ್ದು ಕಥೆಯಲ್ಲಿ. ಎಂಬತ್ತರ ದಶಕದ ಕೊನೆಗೆ ಶುರುಮಾಡಿದ ಲಾಸ್ ಏಂಜಲೀಸ್ ಕಥೆಯೊಂದರಲ್ಲಿ ಕೆಲವು ಹುಡುಗರ ಗ್ಯಾರೇಜ್ ತಂಡ ಬರುತ್ತದೆ, ಅದರ ಹೆಸರೂ ಲವ್ ಅಂಡ್ ರಾಕೆಟ್ಸ್.

ಕಾಮಿಕ್ಸ್ ಪಾತ್ರಗಳಿಗೆ ಸಾಮಾನ್ಯವಾಗಿ ವಯಸ್ಸಾಗುವುದಿಲ್ಲ. ಆರ್ಚಿ ಇಂದಿಗೂ ಶಾಲೆಯಲ್ಲೇ ಇದ್ದಾನೆ. ಮ್ಯಾಗಿ, ಹೋಪಿಯರಿಗೆ ಆಗುತ್ತದೆ. ಮ್ಯಾಗಿ ದಪ್ಪಗಾಗುತ್ತಾಳೆ, ಕೆಲಸ ಬದಲಿಸುತ್ತಾಳೆ, ಕೂದಲು ಬದಲಾಗುತ್ತದೆ. 2019ರಲ್ಲಿ ಬಂದ 'ಈಸ್ ದಿಸ್ ಹೌ ಯೂ ಸೀ ಮಿ?' ಪುಸ್ತಕದಲ್ಲಿ ನಡುವಯಸ್ಸು ಮುಟ್ಟಿದ ಇಬ್ಬರೂ ಹಳೆಯ ಪಂಕ್ ತಂಡಗಳ ಪುನರ್ಮಿಲನಕ್ಕೆ ಹಾಪರ್ಸ್‌ಗೆ ಹೋಗುತ್ತಾರೆ. ಮುಖ ಗುರುತಾಗುವವರು, ಆಗದವರು, ಹಳೆಯ ಸಿಟ್ಟು ಇನ್ನೂ ಬಿಡದವರು. ಆ ಹುಡುಗಿಯರ ಜೊತೆಗೇ ವಯಸ್ಸಾದ ಓದುಗರು ಲೋಕದಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಆ ಪುನರ್ಮಿಲನ ತಮ್ಮದೂ ಹೌದು.

ಮಾತು ಬಂದಿದ್ದರಿಂದ ಎದುರು ದಿಕ್ಕಿನ ಪ್ರಯೋಗವನ್ನೂ ಹೇಳಿಬಿಡುತ್ತೇನೆ. 'ಟ್ಯಾಂಕ್ ಗರ್ಲ್' ಕಾಮಿಕ್ಸಿನ ಕಲಾವಿದ ಜೇಮಿ ಹ್ಯೂಲೆಟ್, ಬ್ಲರ್ ತಂಡದ ಡೇಮನ್ ಆಲ್ಬರ್ನ್ ಜೊತೆ ಲಂಡನ್ನಿನಲ್ಲಿ ಒಂದೇ ಮನೆಯಲ್ಲಿದ್ದಾಗ, 1998ರಲ್ಲಿ, ಗೊರಿಲ್ಲಾಝ್ ಎಂಬ ತಂಡ ಹುಟ್ಟಿಸಿದ. ಸದಸ್ಯರು ನಾಲ್ವರೂ ಚಿತ್ರಗಳು. ಮೊದಲ ಕಾರ್ಯಕ್ರಮಗಳಲ್ಲಿ ನಿಜವಾದ ವಾದಕರು ಪರದೆಯ ಹಿಂದೆ ನಿಂತು ನುಡಿಸಿದರು, ಪರದೆಯ ಮೇಲೆ ಚಿತ್ರಗಳು ಕುಣಿದವು. ಉಪಾಯ ಜಾಣತನದ್ದೇ. ಆದರೆ ದುಡ್ಡು ಕೊಟ್ಟು ಬಂದವರು ಪರದೆಯ ಹಿಂದೆ ಯಾರಿದ್ದಾರೆ ಎಂದು ಕತ್ತು ಉದ್ದ ಮಾಡದೆ ಇರುತ್ತಾರೆಯೇ? 2010ರ ಪ್ರವಾಸದ ಹೊತ್ತಿಗೆ ವಾದಕರು ಮುಂದೆ ಬಂದರು, ಚಿತ್ರಗಳು ಹಿಂದಿನ ಗೋಡೆಗೆ ಹೋದವು.

ನಮ್ಮಲ್ಲಿ ಚಿತ್ರಕ್ಕೂ ಸಂಗೀತಕ್ಕೂ ಇರುವ ಈ ನಂಟು ಬಂದದ್ದು ಕ್ಯಾಸೆಟ್ಟಿನ ಹೊದಿಕೆಯಿಂದ. ಐರನ್ ಮೇಡನ್ ತಂಡದ ಎಡ್ಡಿಯನ್ನು ಬೆಂಗಳೂರಿನ ಎಷ್ಟೋ ಹುಡುಗರು ಹಾಡು ಕೇಳುವ ಮುಂಚೆಯೇ ನೋಡಿದ್ದರು. ಆ ಅಸ್ಥಿಪಂಜರದಂಥ ಮುಖ ಬರೆದವನು ಡೆರೆಕ್ ರಿಗ್ಸ್. ಮೊದಲು ಅದು ಐರನ್ ಮೇಡನ್‌ಗೆಂದು ಬರೆದದ್ದೇ ಅಲ್ಲ, ಪಂಕ್ ಕಾಲದ ಒಂದು ಚಿತ್ರ. ಹೆವಿ ಮೆಟಲ್ ತಂಡಕ್ಕೆ ಒಪ್ಪಲೆಂದು ಆಮೇಲೆ ತಲೆಗೂದಲು ಉದ್ದ ಮಾಡಿಸಿದರು. 1980ರ ಮೊದಲ ರೆಕಾರ್ಡಿನಿಂದ ಇಂದಿನವರೆಗೆ ತಂಡದ ಮುಖವೇ ಎಡ್ಡಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದವರ ಎದೆಯ ಮೇಲೆಲ್ಲ ಎಡ್ಡಿ. ಅದಕ್ಕೂ ಮುಂಚೆ ಅವನು ಇದ್ದದ್ದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಲೆಕ್ಕದ ಮೇಷ್ಟ್ರ ಕಣ್ಣು ತಪ್ಪಿಸಿ ಬಾಲ್‌ಪೆನ್ನಿನಲ್ಲಿ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರೆಂದು ಕರೆದ ನಾಡು ನಮ್ಮದು. ಆ ಕೊನೆಯ ಪುಟದ ಅಭಿಮಾನಿಗೆ ಪೂಜೆಯೂ ಬೇಡ, ಪಟ್ಟವೂ ಬೇಡ. ಹಲ್ಲು ಸರಿಯಾಗಿ ಬಂದರೆ ಸಾಕು.

'ಲವ್ ಅಂಡ್ ರಾಕೆಟ್ಸ್' ಓದಬೇಕೆನ್ನುವವರಿಗೆ ಒಂದು ಸಲಹೆ. ಹೈಮೆಯ ಕಥೆಗಳು ಈಗ ದಪ್ಪ ಸಂಪುಟಗಳಾಗಿ ಸಿಗುತ್ತವೆ. ಎಲ್ಲರೂ 'ಮ್ಯಾಗಿ ದ ಮೆಕ್ಯಾನಿಕ್' ಎಂಬ ಮೊದಲನೆಯದನ್ನು ಎತ್ತಿಕೊಳ್ಳುತ್ತಾರೆ. ಅದರಲ್ಲಿ ರಾಕೆಟ್ಟು, ಡೈನೊಸಾರು, ಸೂಪರ್‌ಹೀರೊ ಎಲ್ಲ ಇವೆ. ಹುಡುಗ ಇನ್ನೂ ತನ್ನ ಊರನ್ನು ಬರೆಯಲು ಹೆದರುತ್ತಿದ್ದ ಕಾಲ. ಹಲವರು ಅಲ್ಲೇ ಬಿಟ್ಟುಬಿಡುತ್ತಾರೆ. ಎರಡನೆಯದರಿಂದ, 'ದ ಗರ್ಲ್ ಫ್ರಮ್ ಹಾಪರ್ಸ್'ನಿಂದ ಶುರುಮಾಡಿ. ಪುಸ್ತಕ ಮಕ್ಕಳಿಗಲ್ಲ ಎಂಬುದೂ ನೆನಪಿರಲಿ. ಓದುವಾಗ ಹಿನ್ನೆಲೆಗೆ ಏನನ್ನೂ ಹಾಕಬೇಡಿ, ಹೋಪಿಯ ತಂಡ ಬೇಸೂರಾಗಿ ನುಡಿಸುವುದು ಚೆನ್ನಾಗಿ ಕೇಳಬೇಕು.